ಗಂಗಾಮೂಲದ ಮಗಳು ಪಂಡಿತಾ ರಮಾಬಾಯಿ

ಶಿರೂರು, ಬೈಂದೂರು ಕಡೆಯ ಭಕ್ತಾದಿಗಳು ಉಡುಪಿ, ಕಾರ್ಕಳ ದಾಟಿ, ಮಾಳದ ಘಾಟಿ ಹತ್ತಿ ಕಳಸ, ಹೊರನಾಡಿಗೆ ಹೋಗುವಾಗ ಗಂಗಾಮೂಲದ ಕಾಡು ಸಿಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅಂತ ಎಲ್ಲರಿಗೂ ಗೊತ್ತು. ದಿಕ್ಕಿಲ್ಲದ ವಿಧವೆಯರಿಗೂ ಮುದುಕಿಯರಿಗೂ ಆಸರೆ ಕಟ್ಟಿದ ಪಂಡಿತಾ ರಮಾಬಾಯಿಯವರು 1858ರ ಏಪ್ರಿಲ್ 23ರಂದು ಜನಿಸಿದ್ದೂ ಅಲ್ಲಿಯೇ ಎಂಬುದು ಹೆಚ್ಚಿನವರಿಗೆ ತಿಳಿಯದು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಮಾಳದವರು. ಹೆಂಡತಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದರು. ಆ ಕಾಲಕ್ಕೆ ಅದೇ ದೊಡ್ಡ ತಪ್ಪಾಯಿತು. ವಿರೋಧ ತಾಳದೆ ಕಾಡಿನಲ್ಲಿ ಮನೆ ಮಾಡಿದರು. ಮಗುವಿಗೆ ಆರು ತಿಂಗಳಾದಾಗ ಆ ಮನೆಯನ್ನೂ ಬಿಟ್ಟು, ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ಹೊರಟರು. ಎರಡು ದಿನದ ಯಾತ್ರೆಗೇ ಸುಸ್ತಾಗುವವರಿದ್ದಾರೆ. ಈ ಮಗು ಬೆಳೆದದ್ದೇ ಯಾತ್ರೆಯಲ್ಲಿ. ಸಂಸ್ಕೃತ ಕಲಿತದ್ದು ತಾಯಿಯಿಂದ.

1874ರಲ್ಲಿ ಹಸಿವಿನಿಂದ ಬಳಲಿ ತಂದೆ ತೀರಿಕೊಂಡರು, ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ಚಟ್ಟ ಹೊರಲು ಜನ ಬರಲಿಲ್ಲ. ಕೊನೆಗೆ ಇಬ್ಬರು ಮನಸ್ಸು ಕರಗಿ ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯ ಹೆಗಲಿಗೆ ಹದಿನಾರರ ರಮಾ. ಗಿಡ್ಡ ಇದ್ದುದರಿಂದ ಹೆಗಲಿಗೆ ಎಟುಕದೆ ತಲೆಯ ಮೇಲೆ ಹೊತ್ತರು. ಸ್ಮಶಾನ ಮೂರು ಮೈಲಿ ದೂರ.

ಅಣ್ಣ ತಂಗಿ ನಡೆಯುತ್ತಲೇ ಊರೂರು ಸುತ್ತಿ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳಿ ವಕೀಲರೊಬ್ಬರ ಜೊತೆ ಮದುವೆ. 1882ರಲ್ಲಿ ಅವರೂ ಕಾಲರಾದಿಂದ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋಗಿ ಕ್ರೈಸ್ತರಾದರು. ಇದರಿಂದ ನಮ್ಮವರಲ್ಲಿ ಅನೇಕರಿಗೆ ಸಿಟ್ಟು ಬಂತು, ಅದನ್ನು ಮುಚ್ಚಿಡಬೇಕಾಗಿಲ್ಲ. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದು ಪುಣೆಗೆ ಬಂತು. ಹೆಣ್ಮಕ್ಕಳು ತಮ್ಮ ಮಡಿ ಆಚಾರ ಬಿಡದೆ ಇರಲು ಅಲ್ಲಿ ಏರ್ಪಾಡಿತ್ತು. ಆದರೂ 1893ರಲ್ಲಿ ಮತಾಂತರದ ಗುಲ್ಲೆದ್ದು ಹಲವರು ಮಕ್ಕಳನ್ನು ಮನೆಗೆ ಕರೆದೊಯ್ದರು. ರಮಾಬಾಯಿ ಬಾಗಿಲು ಹಾಕಲಿಲ್ಲ.

1896ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ, ಸಾಯುವಂತಿದ್ದ ಹೆಣ್ಮಕ್ಕಳನ್ನು ಕರೆತಂದು ಪುಣೆ ಸಮೀಪದ ಕೆಡಗಾಂವ್‌ನಲ್ಲಿ ಇರಿಸಿದರು. ಅದೇ ಮುಕ್ತಿ ಸದನ. 1900ರ ಬರಗಾಲದ ಹೊತ್ತಿಗೆ ಅಲ್ಲಿ ಸುಮಾರು 2000 ಮಂದಿ. ನೇಯ್ಗೆ, ಅಚ್ಚುಕೂಟ, ಎಣ್ಣೆ ಗಾಣ ಎಲ್ಲ ಹೆಂಗಸರದೇ. ಕುರುಡರಿಗೆ ಬೇರೆ ಮನೆ. ಮುದುಕಿಯರಿಗೆ, ಕೈಲಾಗದವರಿಗೆ ಪ್ರೀತಿ ಸದನ. ದುಡಿಯಲು ಬಾರದವರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಕಾಲದಲ್ಲಿ, ಈ ಮನೆಯಲ್ಲಿ ಅವರಿಗೆ ಊಟ, ಹಾಸಿಗೆ, ಕೊನೆಗಾಲದಲ್ಲಿ ಹತ್ತಿರ ಕೂರುವ ಜನ ಇದ್ದರು.

ಮನೋರಮಾ 1921ರಲ್ಲಿ ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿಯವರೂ ಕೆಡಗಾಂವ್‌ನಲ್ಲೇ ಕಣ್ಣುಮುಚ್ಚಿದರು. ಮುಕ್ತಿ ಸದನ ಈಗಲೂ ನಡೆಯುತ್ತಿದೆ. ಪುಣೆಯಿಂದ ದೌಂಡ್ ಕಡೆಗೆ ಹೋಗುವ ರೈಲು ದಾರಿಯಲ್ಲಿ ಕೆಡಗಾಂವ್ ನಿಲ್ದಾಣ ಇದೆ.