ತಮಾಷಾ ಸಾಮ್ರಾಜ್ಞಿ ವಿಠಾಬಾಯಿ ನಾರಾಯಣಗಾಂವ್ಕರ

ನಮ್ಮ ತರುಣ ಮಂಡಳದ ವಾರ್ಷಿಕೋತ್ಸವದ ಈ ಸಂಚಿಕೆಗೆ, ನಮ್ಮದೇ ಸೊಲ್ಲಾಪುರ ಜಿಲ್ಲೆಯಲ್ಲಿ ಹುಟ್ಟಿದ ಒಬ್ಬ ದಲಿತ ಕಲಾವಿದೆಯ ಜೀವನ ಬರೆದೀನಿ. ಜಾತ್ರಿಯಾಗ ತಮಾಷಾ ನೋಡಿದ ಹಿರಿಯರಿಗೆ ಈ ಹೆಸರು ಹೊಸದಲ್ಲ. ನಮ್ಮ ವಯಸ್ಸಿನವರು ಮಾತ್ರ ಮರೆತೇಬಿಟ್ಟಾರ.

ವಿಠಾಬಾಯಿ ಹುಟ್ಟಿದ್ದು 1935ರ ಜುಲೈ ತಿಂಗಳಲ್ಲಿ, ಪಂಢರಪುರದಲ್ಲಿ. ಜಾತಿಯಿಂದ ಮಾಂಗ, ಅಂದ್ರ ನಮ್ಮ ಕಡೆಯ ಮಾದಿಗರು. ಹೆಸರಿನೊಳಗ ವಿಠ್ಠಲ ಇದ್ದಾನ, ಆದ್ರ ಆಗ ವಿಠ್ಠಲನ ಗುಡಿಯೊಳಗ ನಮ್ಮ ಮಂದಿಗೆ ಪ್ರವೇಶ ಇರಲಿಲ್ಲ. ಮಂಗಳವೇಢೆಯ ಸಂತ ಚೋಖಾಮೇಳನ ಸಮಾಧಿ ಇವತ್ತಿಗೂ ಗುಡಿಯ ಹೊರಗೆ, ಮಹಾದ್ವಾರದ ಹತ್ತಿರವೇ ಅದ. 1947ರಲ್ಲಿ ಸಾನೆ ಗುರೂಜಿ ಉಪವಾಸ ಕುಂತರು. ಆಮೇಲೆ ಬಾಗಿಲು ತೆರೀತು. ಅಷ್ಟೊತ್ತಿಗೆ ವಿಠಾಬಾಯಿಗೆ ಹನ್ನೆರಡು ವರ್ಷ ತುಂಬುತ್ತಿತ್ತು.

ಗುಡಿಯ ಬಾಗಿಲು ಮುಚ್ಚಿದ್ದರೂ ತಮಾಷಾದ ರಂಗ ಆ ಮನೆಗೆ ತೆರೆದಿತ್ತು. ಅಜ್ಜ ನಾರಾಯಣ ಖುಡೆ ಪುಣೆ ಜಿಲ್ಲೆಯ ಶಿರೂರು ತಾಲೂಕಿನ ಕವಠೆ ಯಮಾಯಿ ಊರಿನವರು. ಅವರೇ ಫಡ ಕಟ್ಟಿದರು. ಮುಂದೆ ತಂದೆ ಭಾವು ಮತ್ತು ಕಾಕಾ ಬಾಪು ಅದನ್ನು ನಡೆಸಿದರು. ನಮ್ಮ ಕಡೆ ಸಣ್ಣಾಟ, ಪಾರಿಜಾತ ಇದ್ದಂಗ ಆ ಕಡೆ ತಮಾಷಾ. ಮೊದಲು ಗಣ, ಆಮೇಲೆ ಗೌಳಣ, ಲಾವಣಿ, ಕೊನೆಗೆ ವಗ ಅಂದ್ರ ಕಥೆಯ ಆಟ. ಢೋಲಕಿ, ಹಲಗಿ, ತುಣತುಣಿ ಸೇರಿದರ ರಾತ್ರಿ ಪೂರಾ ಆಟ ನಡೀತದ. ವಿಠಾಬಾಯಿಗೆ ಸಾಲಿ ಅಷ್ಟು ಹತ್ತಲಿಲ್ಲ. ಯಾವ ಗುರುವಿನ ಹತ್ತಿರವೂ ಕೂತು ಕಲಿಯದೆ ಸಣ್ಣ ವಯಸ್ಸಿನಲ್ಲೇ ಹಾಡಿದರು, ಕುಣಿದರು.

1957ರಲ್ಲಿ, ಇನ್ನೂ ಇಪ್ಪತ್ತೆರಡರ ಆಸುಪಾಸಿನಲ್ಲಿದ್ದಾಗ, ರಾಷ್ಟ್ರಪತಿಗಳಿಂದ ಗೌರವ ಸಿಕ್ಕಿತು. 1990ರಲ್ಲಿ ಮತ್ತೊಮ್ಮೆ ಸಿಕ್ಕಿತು. ಹೆಸರಂದ್ರ ಅಂಥಾ ಹೆಸರು! ತಮಾಷಾದಾಗ ದೌಲತ್ ಜಾದಾ ಅಂತ ಒಂದು ಪದ್ಧತಿ ಅದ. ಪ್ರೇಕ್ಷಕರು ನೋಟು ಹಿಡಿದು ತಮಗ ಬೇಕಾದ ಲಾವಣಿ ಹಾಡಸ್ತಾರ. ಸೀಟಿ, ಚಪ್ಪಾಳೆ, ರೊಕ್ಕ, ಎಲ್ಲಾ ಒಮ್ಮೆಲೆ ಬೀಳತಾವ.

ಅವರ ಬಗ್ಗೆ ಎಲ್ಲರೂ ಹೇಳುವ ಸಂಗತಿ ಒಂದದ. ತುಂಬು ಗರ್ಭಿಣಿ ಇದ್ದಾಗಲೂ ಆಟ ತಪ್ಪಿಸಲಿಲ್ಲ. ಆಟದ ನಡುವೆಯೇ ಹೆರಿಗೆ ನೋವು ಬಂತು. ರಂಗದ ಹಿಂದೆ ಹೋಗಿ ಹಡೆದರು, ಹೊಕ್ಕುಳ ಬಳ್ಳಿಯನ್ನು ಕಲ್ಲಿನಿಂದ ಜಜ್ಜಿ ಕತ್ತರಿಸಿದರು, ತಿರುಗಿ ಕುಣಿಯಲು ಬಂದರು. ಜನಕ್ಕೆ ಗೊತ್ತಾದಾಗ ಅವರೇ ಆಟ ನಿಲ್ಲಿಸಿ, ವಿಶ್ರಾಂತಿ ತಗೋ ಅಂತ ಕೈಮುಗಿದು ಕಳಿಸಿದರು. ಇದನ್ನ ನಾವು ಬರೇ ಧೈರ್ಯದ ಕಥೆ ಅಂತ ಹೇಳತೀವಿ. ಹಡೆಯುವ ದಿನವೂ ರಜೆ ಇಲ್ಲದ ದುಡಿಮೆ ಅದು ಅಂತ ಯಾಕೆ ಹೇಳೋದಿಲ್ಲ?

ದೊಡ್ಡ ದೊಡ್ಡ ದೇಶಗಳ ರಾಕ್ ಗಾಯಕರ ಆತ್ಮಕಥೆಗಳಾಗ ಹೆಸರು, ರೊಕ್ಕ, ನಶೆ, ಮೋಜು ತುಂಬಿರತಾವ. ಅವರ ಹಾಡು ಒಮ್ಮೆ ರೆಕಾರ್ಡ್ ಆಗಿ ಓಡಿದರ ವರ್ಷಾನುಗಟ್ಟಲೆ ರಾಯಲ್ಟಿ ಬರತದ. ತಮಾಷಾದವರಿಗೆ ಆಡಿದ ರಾತ್ರಿಗಷ್ಟೇ ರೊಕ್ಕ. ನಾರಾಯಣಗಾಂವದಾಗ ಯುಗಾದಿ ಹೊತ್ತಿಗೆ ಫಡಗಳ ಡೇರೆ ಬೀಳತಾವ, ಊರಿನ ಪಂಚರು ಬಂದು ಜಾತ್ರಿಗೆ ಸುಪಾರಿ ಕೊಡತಾರ. ಮಳಿಗಾಲ ಬಂತಂದ್ರ ಆಟ ಬಂದ್. ಗಾಡಿ, ತಂಬು, ಕಲಾವಿದರ ಮುಂಗಡ, ಎಲ್ಲಾ ಸಾಲದ ಮ್ಯಾಲ. ಎಷ್ಟು ಹೆಸರಾದರೂ ಕೈಯಾಗ ಉಳಿಯೋದು ಕಡಿಮೆ.

ಒಂದು ಮಾತು ಮಾತ್ರ ನನಗೆ ಬಹಳ ಹಿಡಿಸಿತು. ಅವರು ತಮ್ಮ ಪೂರ್ಣ ಹೆಸರಿನಾಗ ಜಾತಿ ಮುಚ್ಚಲಿಲ್ಲ. ವಿಠಾಬಾಯಿ ಭಾವು ಮಾಂಗ ನಾರಾಯಣಗಾಂವ್ಕರ ಅಂತಲೇ ಮೆರೆದರು. ಊರ ಹೊರಗಿಟ್ಟ ಜಾತಿಯ ಹೆಸರು ಹೇಳಿಕೊಂಡೇ ಊರ ನಡುವೆ ಸಾವಿರಾರು ಮಂದಿಯನ್ನ ಕೂರಿಸಿದರು.

ಕೊನೆಯ ದಿನಗಳು ಬಡತನದಲ್ಲಿ ಹೋದವು. ಪದಕ ಇದ್ದವು, ಆಸರೆ ಇರಲಿಲ್ಲ. 2002ರ ಜನವರಿ 15ರಂದು ತೀರಿಕೊಂಡರು. ಇಲ್ಲಿ ಸೊಲ್ಲಾಪುರದಾಗ ಸಿದ್ಧರಾಮೇಶ್ವರರ ಗಡ್ಡಾ ಜಾತ್ರಿಯ ದಿನಗಳವು. ಆಸ್ಪತ್ರೆಯ ಬಿಲ್ಲನ್ನು ದಾನಿಗಳ ರೊಕ್ಕದಿಂದ ತೀರಿಸಬೇಕಾಯ್ತು. 2006ರಲ್ಲಿ ಮಹಾರಾಷ್ಟ್ರ ಸರಕಾರ ಅವರ ಹೆಸರಿನಲ್ಲಿ ಜೀವಮಾನ ಸಾಧನೆ ಪ್ರಶಸ್ತಿ ಶುರುಮಾಡಿತು. ಮಗಳು ಮಂಗಲಾ ಬನ್ಸೋಡೆ ಅದೇ ಕಲೆಯನ್ನ ಮುಂದುವರಿಸಿದರು.

ನಮ್ಮ ಚಳವಳಿಯ ಹಿರಿಯರು ಹೆಣ್ಣುಮಕ್ಕಳು ಕುಣಿಯೋದನ್ನ ಒಪ್ಪಲಿಲ್ಲ. ಅಂಬೇಡ್ಕರಿ ಜಲಸಾದಾಗ ಲಾವಣಿಯ ಶೃಂಗಾರ ಬಿಟ್ಟು ವಿಚಾರ ಹಾಡಿದರು. ಅವರ ಮಾತಿಗೆ ಕಾರಣ ಇತ್ತು: ನಮ್ಮ ಅಕ್ಕತಂಗಿಯರನ್ನ ಮಂದಿ ಹರಾಜಿನ ಸಾಮಾನಿನಂಗ ನೋಡಬಾರದು. ಆದರೆ ಆ ಕಾರಣಕ್ಕೇ ದುಡಿದವರನ್ನ ಮರೆಯೋದು ನ್ಯಾಯ ಅಲ್ಲ. ನಾಚಿಕೆ ಪಡಬೇಕಾದವರು ಕುಣಿದವರಲ್ಲ, ಕುಣಿಸಿ ಕೈಬಿಟ್ಟವರು.

ನಮ್ಮ ಓಣಿಯಾಗೂ ಹಲಗಿ ಬಾರಿಸಿ ಬಾರಿಸಿ ಕೈ ಸೋತ ಮುತ್ಯಾಗಳದಾರ. ಜಯಂತಿ ಬಂದಾಗ ಡಿಜೆಗೆ ಎಷ್ಟು ಪಟ್ಟಿ ಎತ್ತತೀವಿ ಎಲ್ಲರಿಗೂ ಗೊತ್ತು. ಮುಂದಿನ ವರ್ಷದಿಂದ ಅದರಾಗಿನ ಒಂದು ಪಾಲು ಇಂಥ ಹಿರಿಯ ಕಲಾವಿದರ ಔಷಧಕ್ಕೆ ತೆಗೆದಿಡೋಣ. ಮೆರವಣಿಗೆಯ ಮುಂದೆ ಅವರ ಹಲಗಿಯೂ ಬಾರಿಸಲಿ. ಈ ವಿಷಯ ಮಂಡಳದ ಮುಂದಿನ ಸಭೆಯಲ್ಲಿ ಇಡಬೇಕಂತ ಎಲ್ಲಾ ಸದಸ್ಯರಲ್ಲಿ ಕೇಳಿಕೊಳ್ತೀನಿ.

ಜೈ ಭೀಮ್!