ಇಮ್ಮಡಿ ಪುಲಕೇಶಿ: ನೆಲ-ಜಲ ಸೇನೆಗಳ ಅಧಿನಾಯಕ

ಕರ್ನಾಟಕವನ್ನಾಳಿದ ಅರಸರಲ್ಲಿ ಬಾದಾಮಿ ಚಾಲುಕ್ಯ ವಂಶದ ಇಮ್ಮಡಿ ಪುಲಕೇಶಿಯು ಅಗ್ರಗಣ್ಯನು. ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿಯು ಅಂದು ವಾತಾಪಿ ಎಂಬ ಹೆಸರಿನಿಂದ ಇವನ ರಾಜಧಾನಿಯಾಗಿತ್ತು. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಜಿನಾಲಯದಲ್ಲಿ ಕವಿ ರವಿಕೀರ್ತಿಯು ರಚಿಸಿದ ಕ್ರಿ.ಶ. 634-35ರ ಸಂಸ್ಕೃತ ಶಾಸನವು ಇವನ ಜೀವನಕ್ಕೆ ಮುಖ್ಯ ಆಧಾರವಾಗಿದೆ.

ಪಟ್ಟಾಭಿಷೇಕ

ಪುಲಕೇಶಿಯು ಒಂದನೆಯ ಕೀರ್ತಿವರ್ಮನ ಮಗನು. ತಂದೆಯ ನಂತರ ಚಿಕ್ಕಪ್ಪ ಮಂಗಳೇಶನು ರಾಜ್ಯಭಾರ ವಹಿಸಿಕೊಂಡನು. ಕೊಂಕಣ ಕರಾವಳಿಯ ರೇವತಿದ್ವೀಪವನ್ನು ಗೆದ್ದ ಮಂಗಳೇಶನ ಕಾಲದಲ್ಲಿಯೇ ಚಾಲುಕ್ಯರ ಬಲವು ಕಡಲಿಗೆ ಇಳಿದಿತ್ತು. ಆದರೆ ಅವನು ಸಿಂಹಾಸನವನ್ನು ತನ್ನ ಮಗನಿಗೆ ಉಳಿಸಲು ಯತ್ನಿಸಿದ್ದರಿಂದ ಅಂತರ್ಯುದ್ಧವಾಯಿತು. ಮಂಗಳೇಶನು ಮಡಿದನು, ಸುಮಾರು ಕ್ರಿ.ಶ. 610ರಲ್ಲಿ ಪುಲಕೇಶಿಯು ಪಟ್ಟವೇರಿದನು. ಈ ಗೊಂದಲದ ಸಮಯ ಸಾಧಿಸಿ ಅಪ್ಪಾಯಿಕ ಮತ್ತು ಗೋವಿಂದರು ಭೀಮಾ ನದಿಯ ಉತ್ತರಕ್ಕೆ ದಂಡೆತ್ತಿ ಬಂದರು. ಒಬ್ಬನು ಓಡಿಹೋದನು, ಇನ್ನೊಬ್ಬನು ನೆರವಾಗಿ ನಿಂತು ಪ್ರತಿಫಲ ಪಡೆದನು. ಶತ್ರುವನ್ನೂ ಉಪಯುಕ್ತನಾದರೆ ತನ್ನವನನ್ನಾಗಿ ಮಾಡಿಕೊಳ್ಳುವ ನೀತಿಯು ಇವನಲ್ಲಿ ಆರಂಭದಿಂದಲೇ ಕಂಡುಬರುತ್ತದೆ.

ನೆಲ-ಜಲಗಳ ಕೂಡು ಕಾರ್ಯಾಚರಣೆ

ಬನವಾಸಿಯನ್ನು ಮುತ್ತಿ ವಶಪಡಿಸಿಕೊಂಡ ಪುಲಕೇಶಿಗೆ ಗಂಗರೂ ಆಳುಪರೂ ಅಧೀನರಾದರು. ನಂತರ ಭೂಸೇನೆಯು ಕೊಂಕಣದ ಮೌರ್ಯರನ್ನು ಸೋಲಿಸಿತು. ಪಶ್ಚಿಮ ಸಮುದ್ರದ ಐಸಿರಿ ಎನಿಸಿದ್ದ ಪುರಿ ನಗರವನ್ನು ಮದಗಜಗಳನ್ನು ಹೋಲುವ ನೂರಾರು ನೌಕೆಗಳು ಮುತ್ತಿದವೆಂದು ಶಾಸನವು ವರ್ಣಿಸುತ್ತದೆ. ಈ ಪುರಿಯು ಮುಂಬಯಿ ಬಳಿಯ ಘಾರಾಪುರಿ ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ನೆಲದ ದಂಡು ಮತ್ತು ಹಡಗುಪಡೆಗಳನ್ನು ಒಂದೇ ದಂಡಯಾತ್ರೆಯಲ್ಲಿ ಬಳಸಿದ ಈ ಪ್ರಸಂಗವು ಕರ್ನಾಟಕದ ಸೈನಿಕ ಇತಿಹಾಸದಲ್ಲಿ ಮಹತ್ವದ್ದಾಗಿದೆ.

ಉತ್ತರಾಪಥದ ಚಕ್ರವರ್ತಿ ಹರ್ಷವರ್ಧನನು ನರ್ಮದೆಯನ್ನು ದಾಟದಂತೆ ತಡೆದುದು ಪುಲಕೇಶಿಯ ಕೀರ್ತಿಯನ್ನು ಎಲ್ಲೆಡೆ ಹಬ್ಬಿಸಿತು. ಕ್ರಿ.ಶ. 619ರ ತಾಮ್ರಪಟವೊಂದು ಈ ವಿಜಯವನ್ನು ಉಲ್ಲೇಖಿಸುವುದರಿಂದ ಯುದ್ಧವು ಅದಕ್ಕೆ ಮೊದಲೇ ನಡೆದಿತ್ತೆಂದು ಸ್ಪಷ್ಟವಾಗುತ್ತದೆ. ಪೂರ್ವದಲ್ಲಿ ಪಿಷ್ಟಪುರವನ್ನು ಗೆದ್ದು ವೇಂಗಿ ಪ್ರದೇಶದ ಆಡಳಿತವನ್ನು ತಮ್ಮನಾದ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದನು. ಅವನಿಂದ ಪೂರ್ವ ಚಾಲುಕ್ಯ ವಂಶವು ಉದಯಿಸಿತು.

ಸೇನಾನಿಗಳ ಶಿಸ್ತು

ಸುಮಾರು ಕ್ರಿ.ಶ. 641ರಲ್ಲಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗನು ಇಲ್ಲಿನ ಸೈನ್ಯ ಪದ್ಧತಿಯನ್ನು ದಾಖಲಿಸಿದ್ದಾನೆ. ರಾಜನು ನೂರಾರು ಜಟ್ಟಿಗಳನ್ನೂ ನೂರಾರು ಯುದ್ಧದಾನೆಗಳನ್ನೂ ಸಾಕುತ್ತಿದ್ದನು. ಸೋತು ಬಂದ ಸೇನಾಪತಿಗೆ ದೇಹದಂಡನೆ ವಿಧಿಸುತ್ತಿರಲಿಲ್ಲ. ಹೆಂಗಸರ ಉಡುಪನ್ನು ಕೊಡುತ್ತಿದ್ದರು. ಆ ಅವಮಾನವನ್ನು ತಾಳದೆ ಅನೇಕರು ಪ್ರಾಣ ಬಿಡುತ್ತಿದ್ದರು. ಪ್ರಜೆಗಳು ರಾಜನಿಗೆ ಸಂಪೂರ್ಣ ನಿಷ್ಠರಾಗಿದ್ದರೆಂದೂ ಅವನು ತಿಳಿಸುತ್ತಾನೆ.

ವಾತಾಪಿಯ ಪತನ

ಪಲ್ಲವ ಮಹೇಂದ್ರವರ್ಮನನ್ನು ಕಂಚಿಯ ಕೋಟೆಯೊಳಗೆ ಅಡಗುವಂತೆ ಮಾಡಿದ ಪುಲಕೇಶಿಗೆ ಅವನ ಮಗ ನರಸಿಂಹವರ್ಮನು ಪ್ರಬಲ ಪ್ರತಿಸ್ಪರ್ಧಿಯಾದನು. ಮಣಿಮಂಗಲ ಮುಂತಾದ ಕಡೆ ಜಯಗಳಿಸಿದ ಪಲ್ಲವ ಸೈನ್ಯವು ಕ್ರಿ.ಶ. 642ರ ಸುಮಾರಿಗೆ ವಾತಾಪಿಯನ್ನೇ ಹಿಡಿಯಿತು. ಅದರ ಸೇನಾನಿ ಪರಂಜ್ಯೋತಿಯು ಶಸ್ತ್ರವಿದ್ಯೆ, ಗಜಾಶ್ವಾರೋಹಣ ಮತ್ತು ಆಯುರ್ವೇದಗಳಲ್ಲಿ ನುರಿತವನಾಗಿದ್ದನೆಂದು ತಮಿಳಿನ ಪೆರಿಯಪುರಾಣವು ಹೇಳುತ್ತದೆ. ಈ ಯುದ್ಧದಲ್ಲಿ ಪುಲಕೇಶಿಯು ಮಡಿದನೆಂದು ನಂಬಲಾಗಿದೆ. ದೂರದ ನದಿ ಸಮುದ್ರಗಳವರೆಗೆ ಸೇನೆ ನಡೆಸಿದ ಅರಸನು ಕೊನೆಗೆ ಸ್ವಂತ ರಾಜಧಾನಿಯನ್ನು ಉಳಿಸಿಕೊಳ್ಳಲಾಗದೆ ಹೋದುದು ಇತಿಹಾಸದ ವಿಪರ್ಯಾಸ. ನರಸಿಂಹವರ್ಮನ ಶಾಸನವು ಇಂದಿಗೂ ಬಾದಾಮಿಯ ಬಂಡೆಯ ಮೇಲಿದೆ. ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನು ಸುಮಾರು ಕ್ರಿ.ಶ. 655ರಲ್ಲಿ ರಾಜ್ಯವನ್ನು ಪುನಃ ಸ್ಥಾಪಿಸಿದನು.

ಸಂದರ್ಶಿಸಬೇಕಾದ ಸ್ಥಳಗಳು

ಬಾದಾಮಿಯ ಕೋಟೆ ಮತ್ತು ಗುಹಾಲಯಗಳು, ಐಹೊಳೆಯ ಮೇಗುತಿ ಜಿನಾಲಯ ಈ ಇತಿಹಾಸದ ಸಾಕ್ಷಿಗಳಾಗಿವೆ. ಇಳಕಲ್ಲ ಹಾಗೂ ಹುನಗುಂದ ಕಡೆಯಿಂದ ಬರುವವರು ಅಮೀನಗಡದ ಮಾರ್ಗವಾಗಿ ಐಹೊಳೆಯನ್ನು ತಲುಪಬಹುದು. ಶಾಸನದ ಅಕ್ಷರಗಳನ್ನು ಮುಟ್ಟದೆ, ಗೀಚದೆ, ಮುಂದಿನ ಪೀಳಿಗೆಗೆ ಉಳಿಸುವುದು ಎಲ್ಲರ ಕರ್ತವ್ಯವಾಗಿದೆ.