ಮಳೆಯ ಶುಭವಾರ್ತೆ ತಂದ ಪ್ರವಾದಿ ನೂಹ್ (ಅ)



ನಾಯಕನಹಟ್ಟಿಯ ಸುತ್ತಮುತ್ತ ಬೆಳೆದ ನಿಮಗೆ ಮಳೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮೋಡ ಕಂಡರೆ ಸಾಕು, ಅದು ಅಲ್ಲಾಹನ ಕಾರುಣ್ಯವೆಂದೇ ಎಲ್ಲರೂ ತಿಳಿಯುತ್ತಾರೆ. ಹಾಗಾದರೆ ಅದೇ ನೀರು ಒಂದು ಜನಾಂಗಕ್ಕೆ ಶಿಕ್ಷೆಯಾದದ್ದು ಹೇಗೆ? ಪ್ರವಾದಿ ನೂಹ್ (ಅ)ರ ಜೀವನವನ್ನು ಓದಿ, ಉತ್ತರ ಸಿಗುತ್ತದೆ.

ಅವರು 950 ವರ್ಷ ತಮ್ಮ ಜನರ ನಡುವೆ ಇದ್ದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ಹೆಸರನ್ನೇ ಹೊತ್ತ 71ನೇ ಅಧ್ಯಾಯದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ತಪ್ಪನ್ನು ಒಪ್ಪಿಕೊಂಡು ಕ್ಷಮೆ ಬೇಡಿದರೆ ಒಡೆಯನು ಧಾರಾಳವಾಗಿ ಮಳೆ ಸುರಿಸುವನು, ತೋಟಗಳನ್ನೂ ಹೊಳೆಗಳನ್ನೂ ಕೊಡುವನು ಎಂದು ನೂಹ್‌ರು ಜನರಿಗೆ ಭರವಸೆಯಿತ್ತಿದ್ದರು. ಜನರು ಕಿವಿಗೆ ಬೆರಳಿಟ್ಟುಕೊಂಡರು. ಕೀಳುಜನರಷ್ಟೇ ನಿನ್ನ ಹಿಂದೆ ಇದ್ದಾರೆಂದು ಮುಖಂಡರು ಹಂಗಿಸಿದರು. ಆದರೂ ನೂಹ್‌ರು ಆ ಬಡವರನ್ನು ದೂರ ಮಾಡಲಿಲ್ಲ.

ಕೊನೆಗೆ ಹಲಗೆ, ಮೊಳೆಗಳಿಂದ ನಾವೆ ಕಟ್ಟುವ ಆಜ್ಞೆಯಾಯಿತು. ಹಾದು ಹೋದವರೆಲ್ಲ ನಕ್ಕರು. ಪ್ರಳಯ ಬಂದಾಗ ನೂಹ್‌ರು ಮಗನನ್ನು ಕರೆದರು. ಅವನು ಬೆಟ್ಟವನ್ನು ನಂಬಿದ, ಅಲೆಗಳಲ್ಲಿ ಮುಳುಗಿದ. ತಂದೆ ಮಗನಿಗಾಗಿ ಮೊರೆಯಿಟ್ಟಾಗ, ಕೆಟ್ಟ ಕರ್ಮದವನು ನಿನ್ನ ಮನೆಯವನಲ್ಲವೆಂಬ ಉತ್ತರ ಬಂತು. ನೂಹ್‌ರು ತಲೆಬಾಗಿ ಕ್ಷಮೆ ಬೇಡಿದರು. ಪ್ರವಾದಿಯ ಮಗನೆಂಬ ಹೆಸರೂ ಅವನನ್ನು ಉಳಿಸಲಿಲ್ಲ!

ನಾವೆ ಜೂದಿ ಬೆಟ್ಟದಲ್ಲಿ ನಿಂತಿತು. ಉಳಿದವರು ಶಾಂತಿ, ಸಮೃದ್ಧಿಗಳ ಹರಕೆಯೊಂದಿಗೆ ನೆಲಕ್ಕಿಳಿದರು. ಬೈಬಲಿನ ಆದಿಕಾಂಡವೂ ಇವರನ್ನು ನೋಹ ಎಂಬ ಹೆಸರಿನಿಂದ ನೆನೆಯುತ್ತದೆ. ಅಲ್ಲಿ ಪಾರಿವಾಳವು ಎಣ್ಣೆಮರದ ಎಲೆ ತರುತ್ತದೆ, ಮುಗಿಲಲ್ಲಿ ಬಿಲ್ಲು ಮೂಡುತ್ತದೆ, ನೋಹ ಮತ್ತೆ ವ್ಯವಸಾಯಕ್ಕೆ ಇಳಿಯುತ್ತಾನೆ. ತೀರ್ಪಿನ ಮರುದಿನವೇ ದುಡಿಮೆ ಆರಂಭವಾಯಿತು.

ನಮ್ಮೂರಿನ ತಿಪ್ಪೇರುದ್ರಸ್ವಾಮಿಗಳು ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದರೆಂದೂ ದುಡಿದಷ್ಟೇ ಫಲವೆಂದು ಸಾರಿದರೆಂದೂ ಹಿರಿಯರಿಂದ ಕೇಳಿದ್ದೀರಿ. ಧರ್ಮ ಬೇರೆಯಾದರೂ ಪಾಠ ನಮಗೆ ಅಪರಿಚಿತವಲ್ಲ.

ಆದ್ದರಿಂದ ವಿದ್ಯಾರ್ಥಿಗಳೇ, ಮನೆತನದ ಹೆಸರನ್ನು ಬೆಟ್ಟವೆಂದು ನಂಬಿ ಕುಳಿತುಕೊಳ್ಳಬೇಡಿ. ನಗುವವರು ನಗಲಿ. ನಿಮ್ಮ ನಾವೆಗೆ ಇಂದೇ ಒಂದು ಹಲಗೆ ಜೋಡಿಸಿರಿ. ಅಲ್ಲಾಹನು ನಮ್ಮೆಲ್ಲರ ಪ್ರಯತ್ನವನ್ನು ಸ್ವೀಕರಿಸಲಿ, ಆಮೀನ್.